ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕು

೧೪ ಜುಲೈ, ಬುಧವಾರ

ನನ್ನ ಮುದ್ದು ತಂಗಿಗೆ ಅಕ್ಕನ ಆಶೀರ್ವಾದಗಳು.

ದೇವರ ದಯದಿಂದ ನಾವಿಲ್ಲಿ ಇದ್ದೇವೆ. ನೀನು ಹೇಗಿದ್ದೀಯ? ಇಷ್ಟು ದಿನ ಸುಮ್ಮನಿದ್ದುದಕ್ಕೆ ಅಕ್ಕನಿಗೆ ಸಿಟ್ಟು ಬಂದಿದೆ ಅಂದುಕೊಂಡಿರುತ್ತೀಯ. ಸಿಟ್ಟಲ್ಲ ಮರಿ. ನನ್ನ ಕಿಡ್ನಿ ನಿನಗೆ ಹೊಂದುತ್ತದೆಂದು ಡಾಕ್ಟರು ಹೇಳಿದ್ದಾರೆ, ಒಂದನ್ನು ತೆಗೆದುಕೋ ಅಕ್ಕ, ಆಗಲೇ ನನಗೆ ಸಮಾಧಾನ ಎಂದು ನೀನು ಬರೆದೆ. ಒಂದು ಜೀವಕ್ಕೆ ನೋವು ಮಾಡಿ ಇನ್ನೊಂದು ಜೀವ ಉಳಿಸಿಕೊಳ್ಳುವುದು ದೇವರು ಮೆಚ್ಚುವ ಕೆಲಸವಲ್ಲ ಎಂದು ನಾನು ಫೋನಿನಲ್ಲಿ ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ಕಪ್ಪೆಯ ವಿಷಯ ಹೇಳಬೇಕು. ನಗಬೇಡ.

ನಿನ್ನ ಭಾವ ತಮ್ಮ ಬೀಗದಂಗಡಿಯ ಷಟರ್ ಇಳಿಸುವಾಗ ಒಂದು ಕಪ್ಪೆ ಅದರ ಅಡಿಗೆ ಸಿಕ್ಕಿಕೊಂಡಿತು. ನನಗೇನು ಗೊತ್ತು? ಇವರು ಅಂಗಡಿಯಿಂದ ತಂದ ಊಟದ ಡಬ್ಬಿ ತೊಳೆಯೋಣವೆಂದು ಮುಚ್ಚಳ ತೆಗೆದರೆ ಒಳಗೆ ಎರಡು ಕಣ್ಣು. ಕಿರುಚಿಕೊಂಡೆ. ಇವರು ಬಾಗಿಲಲ್ಲೇ ನಿಂತು, ಗಾಜು ಒಡೆದ ಹುಡುಗನ ಹಾಗೆ, ಅದರ ಕಾಲು ನೋಡು ಎಂದರು. ಹಿಂಗಾಲಿನ ತೊಡೆ ಹರಿದು ಮಾಂಸ ಕಾಣುತ್ತಿತ್ತು.

ನಾನು ಉಪ್ಪುನೀರಿನಲ್ಲಿ ತೊಳೆಯಲು ಹೊರಟೆ. ಇವರು ತಡೆದರು. ದನದ ಡಾಕ್ಟರಿಗೆ ತೋರಿಸಿಕೊಂಡೇ ಬಂದಿದ್ದರು. ಮೂಳೆ ಮುರಿದಿಲ್ಲವಂತೆ, ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟರೆ ವಾಸಿಯಾಗುತ್ತದಂತೆ. ಉಪ್ಪು ತಾಗಿದರೆ ಚರ್ಮ ಸುಟ್ಟ ಹಾಗಾಗುತ್ತದಂತೆ. ನಮ್ಮ ಕೈಯ ಬಿಸಿಯೂ ಅದಕ್ಕೆ ಹೆಚ್ಚು, ಒಣ ಕೈಯಲ್ಲಿ ಮುಟ್ಟಲೇಬಾರದು, ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕಂತೆ.

"ನಿನ್ನ ಹಾಗೇ ಕಣೇ, ಇದಕ್ಕೂ ಉಪ್ಪು ಆಗಲ್ಲ," ಎಂದರು ನಿನ್ನ ಭಾವ. "ಆದ್ರೆ ನೀರು ಎಷ್ಟು ಬೇಕಾದ್ರೂ ಕುಡೀಬಹುದು. ಪುಣ್ಯ ಮಾಡಿದೆ."

ನನ್ನ ನೀರಿನ ಅಳತೆ ನಿನಗೆ ಗೊತ್ತಲ್ಲ. ದಿನಕ್ಕೆ ಆ ಸಣ್ಣ ಬಾಟಲಿ ಮುಗಿದರೆ ಮುಗಿಯಿತು. ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನವಂತೂ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಆ ಒಣ ಬಾಯಲ್ಲೇ ಹೊಲಿಯುತ್ತ ಕೂತು, ಮಿಷನ್ನಿನ ಪಕ್ಕದಲ್ಲಿದ್ದ ಪೆಟ್ಟಿಗೆಗೆ ಆಗಾಗ ನೀರು ಚಿಮುಕಿಸುತ್ತಿದ್ದೆ. ಕಪ್ಪೆ ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದಲೇ ಕುಡಿಯುತ್ತದೆ. ಅದನ್ನು ನೋಡುತ್ತಿದ್ದರೆ ನನ್ನ ಗಂಟಲೂ ತಣ್ಣಗಾದ ಹಾಗಿರುತ್ತಿತ್ತು. ಸುಳ್ಳಲ್ಲ.

ಕಷ್ಟವಾದದ್ದು ಅದರ ಊಟ. ಅನ್ನದ ಅಗುಳು ಇಟ್ಟೆ, ತಿರುಗಿ ನೋಡಲಿಲ್ಲ. ಅಲುಗಾಡದ್ದು ಅದರ ಕಣ್ಣಿಗೆ ಊಟವೇ ಅಲ್ಲ, ಜೀವ ಇರುವ ಹುಳವೇ ಬೇಕು. ಇರುವೆ ಕಂಡರೆ ದಾಟಿ ಹೋಗುವವಳು ನಾನು, ಹೂಕುಂಡದ ಮಣ್ಣು ಕೆದಕಿ ಎರೆಹುಳ ಹಿಡಿದೆ. ದೇವರ ಮುಂದೆ ನಿಂತು, ಇದರ ಪಾಪ ನನಗಿರಲಿ, ಕಪ್ಪೆಗೆ ಬೇಡ ಎಂದು ಬೇಡಿಕೊಂಡೆ. ದೇವರು ಏನೂ ಅನ್ನಲಿಲ್ಲ. ಅದಕ್ಕೆ ಅಂಥ ಹೊಟ್ಟೆ ಕೊಟ್ಟವನೂ ಅವನೇ, ಏನು ತಾನೆ ಅಂದಾನು?

ಇಷ್ಟೆಲ್ಲ ಮಾಡಿದರೆ ಈ ಮಹರಾಯ್ತಿ ಬಾಯಿ ತೆರೆಯಲೊಲ್ಲಳು. ಹುಳ ಮೂಗಿನ ಮುಂದೆ ಹೊರಳಿದರೂ ಮುಖ ತಿರುಗಿಸಿಕೊಂಡು ಪೆಟ್ಟಿಗೆಯ ಮೂಲೆ ನೋಡುವುದು. ದಿನ ಕಳೆದ ಹಾಗೆ ಪಕ್ಕೆ ಒಳಕ್ಕೆ ಹೋಯಿತು. ಗಾಯಕ್ಕಲ್ಲ, ಹಟಕ್ಕೇ ಸಾಯುತ್ತದೆ ಅನ್ನಿಸಿತು. ಒಂದು ಸಂಜೆ ಇವರ ಬೀಗ ಬಿಚ್ಚುವ ಚಿಮಟದಲ್ಲಿ ಹುಳ ಹಿಡಿದು, ಪೆಟ್ಟಿಗೆಯ ಮೇಲೆ ಬಗ್ಗಿ ಕೂತಿದ್ದೆ.

"ತಗೋ ತಾಯಿ," ಎಂದೆ. "ನೀನು ತಗೊಂಡ್ರೆ ತಾನೆ ನಂಗೆ ಸಮಾಧಾನ."

ಹಿಂದಿನಿಂದ ನಿನ್ನ ಭಾವ ಮೆಲ್ಲಗೆ, "ಅವಳೂ ನಿಂಗೆ ಇದೇ ಮಾತು ತಾನೆ ಬರೆದಿರೋದು," ಎಂದರು.

ನನಗೆ ತಿರುಗಿ ನೋಡಲಾಗಲಿಲ್ಲ. ಚಿಮಟ ಹಿಡಿದ ಕೈ ನಡುಗಿತು. ಆ ನಡುಕಕ್ಕೆ ಹುಳ ಅಲುಗಿದ್ದೇ ಬೇರೆಯಾಗಿ ಕಂಡಿತೋ ಏನೋ, ಕಪ್ಪೆ ಗಬಕ್ಕನೆ ಬಾಯಿ ಹಾಕಿತು. ನುಂಗುವಾಗ ಅದರ ಕಣ್ಣುಗಳೂ ಒಳಕ್ಕೆ ಹೋಗುತ್ತವೆ ಮರಿ, ಕಣ್ಣು ಮುಚ್ಚಿ ದೇವರನ್ನು ನೆನೆದು ತಿಂದ ಹಾಗೆ.

ಕಾಲು ವಾಸಿಯಾಯಿತು. ನಿನ್ನೆ ಅಂಗಡಿಯ ಹಿಂದೆ, ನೀರು ನಿಂತ ಹುಲ್ಲಿನಲ್ಲಿ ಬಿಟ್ಟುಬಂದೆವು. ಸ್ವಲ್ಪ ಓರೆಯಾಗಿ ನೆಗೆಯುತ್ತ ಹೊರಟುಹೋಯಿತು. "ಹೋಗ್ಬರ್ತೀನಿ ಅಂತ ಒಂದು ಮಾತು ಹೇಳ್ಬಾರದಾ?" ಎಂದು ಇವರು ಮುಖ ಸಣ್ಣ ಮಾಡಿಕೊಂಡರು. ನನಗೆ ಬೇಜಾರಾಗಲಿಲ್ಲ. ಕೊಟ್ಟದ್ದನ್ನು ತಿಂದಿತು, ನೆಗೆಯಿತು. ನನಗೆ ಬೇಕಾಗಿದ್ದದ್ದು ಅಷ್ಟೇ. ನಿನಗೂ ಅಷ್ಟೇ ಬೇಕಾಗಿತ್ತೆಂದು ಈಗ ತಿಳಿಯಿತು.

ತೆಗೆದುಕೊಳ್ಳುತ್ತೇನೆ ಮರಿ. ಡಾಕ್ಟರು ಹೇಳಿದ ದಿನ ಬಾ. ಬರುವ ತನಕ ಹೊತ್ತು ಹೊತ್ತಿಗೆ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ
ಅಕ್ಕ

ತಾ.ಕ.: ದೇವರು ಮೆಚ್ಚುವುದಿಲ್ಲ ಎಂದದ್ದು ಬರೀ ನೆಪ. ಅಮ್ಮ ಹೋಗುವ ದಿನ ನಿನ್ನನ್ನು ನನ್ನ ಮಡಿಲಿಗೆ ಹಾಕಿ, "ಇವಳಿಗೆ ಏನೂ ಆಗದ ಹಾಗೆ ನೋಡ್ಕೋ" ಎಂದಿದ್ದಳು. ಆಗ ನಿನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ. ಆ ಮೈಗೆ ಈಗ ನನ್ನಿಂದಲೇ ಕತ್ತಿ ತಾಗುತ್ತದಲ್ಲ, ಅದನ್ನು ಅಮ್ಮನಿಗೆ ಹೇಗೆ ಹೇಳಲಿ? ಹೊಲಿಗೆ ಸಣ್ಣದಾಗಿ ಹಾಕಲು ಡಾಕ್ಟರಿಗೆ ಹೇಳು. ಆಮೇಲೆ ನಾನು ನೋಡುತ್ತೇನೆ, ಹೊಲಿಗೆಯ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಲಾರರು. ಹೆದರಬೇಡ, ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತೇನೆ.