ನಲವತ್ತನೆಯ ಫಾರಂ

ಗದಗ, ಫೆಬ್ರವರಿ ಮೂವತ್ತು, 2191

ಮಾನ್ಯ ಡಾ. ಚನ್ನವೀರ ಕುರಹಟ್ಟಿಯವರಿಗೆ,

ತಾರೀಖು ಕಂಡು ನಗಬೇಡಿ. ನಿಮಗಿಂತ ಒಂದು ಶತಮಾನಕ್ಕೂ ಮುಂದಿನ ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಇಲ್ಲಿನ ಪಳಗುಮನೆಯಲ್ಲಿ, ಅಂದರೆ ಶಸ್ತ್ರವೈದ್ಯರ ಕೈ ಪಳಗಿಸುವ ಶಾಲೆಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಕಲಿಸುತ್ತಿದ್ದೇನೆ. ನೀವು ಕುರಿಯ ಕರುಳಿನ ಮೇಲೆ ಕಲಿಸಿದಿರಿ. ನಮ್ಮಲ್ಲಿ ಹುಸಿಮೈ ಎಂಬ ಗೊಂಬೆಯಿದೆ. ಅದು ಬೆಚ್ಚಗಿರುತ್ತದೆ, ತಪ್ಪಾಗಿ ಚುಚ್ಚಿದರೆ ರಕ್ತ ಸುರಿಸುತ್ತದೆ, ಗಂಟು ಸಡಿಲವಾದರೆ ನರಳುತ್ತದೆ. ಬೆಳಿಗ್ಗೆ ಅದಕ್ಕೆ ಬಿಸಿನೀರು ತುಂಬಬೇಕು, ಸಂಜೆ ಗಾಯಗಳನ್ನು ಮೇಣದಿಂದ ಮುಚ್ಚಬೇಕು. ನಡುವೆ ಕೊಡುವ ಉಪ್ಪಿಟ್ಟು ಮಾತ್ರ ನಿಮ್ಮ ಕಾಲದಂತೆಯೇ ತಣ್ಣಗಿರುತ್ತದೆ.

ನಿಮ್ಮ ಕಾರ್ಯಾಗಾರದ ಫೀಡ್‌ಬ್ಯಾಕ್ ಫಾರಂಗಳು ನಮ್ಮ ಹಳೆಯ ದಫ್ತರದಲ್ಲಿ ಸಿಕ್ಕವು. ಫಾರಂ ತುಂಬಿ ಗುರುಗಳ ಕೈಗೆ ಕೊಟ್ಟವರಿಗಷ್ಟೇ ಪ್ರಮಾಣಪತ್ರ. ಮೂವತ್ತೊಂಬತ್ತು ಮಂದಿ ಎಲ್ಲದಕ್ಕೂ 'ಅತ್ಯುತ್ತಮ' ಎಂದು ಗುರುತು ಹಾಕಿ, ಇದ್ದಬದ್ದ ಧೈರ್ಯವನ್ನೆಲ್ಲ ಉಪ್ಪಿಟ್ಟನ್ನು ಬೈಯಲು ಬಳಸಿದ್ದಾರೆ. ನಲವತ್ತನೆಯದರಲ್ಲಿ ಒಬ್ಬ ಹುಡುಗಿ ಬರೆದಿದ್ದಾಳೆ: "ಆರು ಮಂದಿಗೆ ಒಂದ ಮೇಜು. ಸರ್ ಹೊಲಿಯೂದನ್ನ ನಿಂತು ನೋಡಿದ್ವಿ. ಸೂಜಿ ನನ್ನ ಕೈಗೆ ಬರೂದ್ರಾಗ ಊಟದ ಗಂಟಿ ಆತು. ನಾ ಒಂದು ಹೊಲಿಗಿನೂ ಹಾಕಿಲ್ರೀ." ಅದರ ಮೇಲೆ ಕೆಂಪು ಶಾಯಿಯಲ್ಲಿ ನಿಮ್ಮ ಅಕ್ಷರ: 'ಇದನ್ನು ವರದಿಗೆ ಸೇರಿಸುವುದು ಬೇಡ.'

ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ನನ್ನ ಶಿಷ್ಯೆ ರೇಣವ್ವ ಕಳೆದ ತಿಂಗಳು ಮೊದಲ ಸಲ ಒಬ್ಬಳೇ ಸೂಜಿ ಹಿಡಿದಾಗ ಗಂಟು ಹಾಕಲಾಗದೆ ನಿಂತುಬಿಟ್ಟಳು. ರೋಗಿಯ ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಕಲಿಕೆ ಮುಗಿದಾಗ ಅವಳು ನನಗೆ ತುಂಬಿಕೊಟ್ಟಿದ್ದ ಫಾರಂ ಸಿಟ್ಟಿನಿಂದ ತೆಗೆಸಿ ನೋಡಿದೆ; ಎಲ್ಲವೂ 'ಅತ್ಯುತ್ತಮ'. ಕೇಳಿದಾಗ ಅಳುತ್ತ ಅಂದಳು, "ನೀವ ಎದುರಿಗೆ ನಿಂತಿದ್ರಿ ಅಕ್ಕಾರ, ಸೂಜಿ ಕೊಡ್ಲಿಲ್ಲಂತ ಹೆಂಗ ಬರೀಲಿ?" ನಿಜ. ಅವಳ ಗಂಟು ನಿಧಾನವೆಂದು ಸೂಜಿ ಕಿತ್ತುಕೊಂಡು ನಾನೇ ಹೊಲಿದು ತೋರಿಸಿದ್ದೆ. ಈ ವಯಸ್ಸಿನಲ್ಲಿ ನನಗೆ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಇನ್ನು ಹೀಗಾಗಲು ಬಿಡುವುದಿಲ್ಲ. ಇಂದಿನಿಂದ ನಮ್ಮಲ್ಲಿ ಪ್ರಮಾಣಪತ್ರ ಕೊಟ್ಟು ಮೂರು ತಿಂಗಳಾದ ಮೇಲೆ, ಹೆಸರು ಬರೆಸದೆ ಅಭಿಪ್ರಾಯ ತರಿಸುತ್ತೇವೆ. ಇದಕ್ಕೆ ಮರುಮಾತು ಎಂದು ಹೆಸರಿಟ್ಟಿದ್ದೇನೆ. ಮೊದಲ ಪ್ರಶ್ನೆ: ನಿಮ್ಮ ಕೈಯಿಂದ ಎಷ್ಟು ಹೊಲಿಗೆ ಹಾಕಿದಿರಿ? ಹಿರಿಯರು ಗೊಣಗುತ್ತಿದ್ದಾರೆ. ಗೊಣಗಲಿ.

ನೀವು ಕೆಂಪು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಈ ಕಾಗದ ಮುಟ್ಟಲೆಂದು ನಿಮ್ಮ ಕಾರ್ಯಾಗಾರದ ಆ ದಿನಕ್ಕೇ ಹಿಂದಕ್ಕೆ ಕಳಿಸುತ್ತಿದ್ದೇನೆ. ಆ ಹುಡುಗಿ ಇನ್ನೂ ಬಸ್ ಹತ್ತಿರಲಿಕ್ಕಿಲ್ಲ. ದಯವಿಟ್ಟು ಕರೆಯಿರಿ, ಮೇಜಿನ ಮೇಲೆ ಒಂದು ಹೊಲಿಗೆಗಾಗುವಷ್ಟು ಕರುಳು ಉಳಿದೇ ಇರುತ್ತದೆ. ನಾಳೆ ಬೆಳಿಗ್ಗೆ ರೇಣವ್ವನೂ ನನ್ನ ಮೇಜಿಗೆ ಬರುತ್ತಾಳೆ. ಅವಳು ಎಷ್ಟೇ ಹೊತ್ತು ತೆಗೆದುಕೊಳ್ಳಲಿ, ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತೇನೆ.

ಇಂತು,
ಗಂಗಾಂಬಿಕೆ ಯಾವಗಲ್