ಕಾಫಿ ಕಣದಲ್ಲಿ ಅಳೆದ ಗೊರಕೆ

ಹಾನುಬಾಳು
೨೧-೧-೨೦೨೫

ಪ್ರೀತಿಯ ಅತ್ತಿಗೆಮ್ಮನವರಿಗೆ ನಮಸ್ಕಾರಗಳು.

ಸಮಸ್ತ ಹೋಬಳಿಯ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ನಿಮ್ಮ ತಮ್ಮ ದಯಾನಂದನವರ ಗೊರಕೆಗೆ ಸರ್ಟಿಫಿಕೇಟು ಬಂದಿದೆ! ವಾಲಗ ಊದಿಸುವುದೊಂದು ಬಾಕಿ. ಡಾಕ್ಟರು ಅದನ್ನು ರಿಪೋರ್ಟು ಅನ್ನುತ್ತಾರೆ. ಸರ್ಟಿಫಿಕೇಟು ಅನ್ನುವವರು ನಿಮ್ಮ ತಮ್ಮ. ಇರಲಿ, ಮೊದಲು ನಿಮ್ಮ ಮಂಡಿನೋವು ಹೇಗಿದೆ? ಅರಸೀಕೆರೆಯ ಚಳಿಗೆ ಹೆಚ್ಚಾಗಿಲ್ಲ ತಾನೇ? ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಕರೆ ಬಂದರೆ ಸಾಕು, ಇವರು ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ.

ಗೊರಕೆಯ ನಡುವೆ ಅವರ ಉಸಿರೇ ನಿಂತುಬಿಡುವುದು ನಿಮಗೆ ಗೊತ್ತು. ಅದು ಮತ್ತೆ ಶುರುವಾಗುವವರೆಗೆ ನಾನೂ ಉಸಿರು ಬಿಗಿಹಿಡಿದು ಕೂತಿರುತ್ತೇನೆ. ಡಾಕ್ಟರು ಒಂದು ಪುಟ್ಟ ಯಂತ್ರ ಕೊಟ್ಟು, ಒಂದು ರಾತ್ರಿ ಬೆರಳಿಗೂ ಎದೆಗೂ ಕಟ್ಟಿಕೊಂಡು ದಿನಾ ಮಲಗುವ ಹಾಗೆ ಮಲಗಿ, ಉಸಿರು ನಿಂತದ್ದನ್ನು ಅದೇ ಲೆಕ್ಕ ಇಡುತ್ತದೆ ಎಂದರು. ನಮ್ಮ ಜಾಣರು ಅದನ್ನು ಕಟ್ಟಿಕೊಂಡು ಮಲಗಿದ್ದು ಎಲ್ಲಿ? ಕಾಫಿ ಕಣದಲ್ಲಿ! ಹಣ್ಣು ಒಣಗಲು ಹರಡಿತ್ತು, ಕಳ್ಳರ ಭಯ. ಆರಾಮಕುರ್ಚಿಯಲ್ಲಿ ಅರ್ಧ ಕೂತು, ನಾಯಿ ಬೊಗಳಿದಾಗಲೆಲ್ಲ ಎದ್ದು ಟಾರ್ಚು ಬಿಟ್ಟು ಬೆಳಗು ಮಾಡಿದರು. ಯಂತ್ರ ಪಾಪ, ಕಂಡಷ್ಟನ್ನು ಹೇಳಿತು: ತೊಂದರೆ ಅಲ್ಪ.

ಅಂದಿನಿಂದ ಆ ಕಾಗದ ಜೇಬು ಬಿಟ್ಟು ಇಳಿದಿಲ್ಲ. ಟೀ ಅಂಗಡಿಯಲ್ಲಿ ಬೋರಯ್ಯನಿಗೆ ತೋರಿಸಿ, "ನೋಡ್ಲಾ ಮಾರಾಯ, ಡಾಕ್ಟ್ರೇ ಬರ್ದವ್ರೆ. ಇವ್ಳು ಸುಮ್ಕೆ ಎದೆ ಬಡ್ಕಂತಾಳೆ ಕಣೋ, ನಂಗೇನ್ ಆಗೈತೆ?" ಎಂದರಂತೆ. ಬೋರಯ್ಯ ಬಾಯಿ ತೆರೆಯುವುದರೊಳಗೆ ಇವರಿಗೆ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ. "ಏಳಣ್ಣೋ, ನಿನ್ ಸರ್ಟಿಫಿಕೇಟು ಟೀ ಒಳಕ್ ಬಿದ್ದೋಯ್ತು!" ಎಂದು ಅವನೇ ಎಬ್ಬಿಸಿದನಂತೆ.

ಮಗಳು ಶ್ವೇತಾ ಡಾಕ್ಟರಿಗೆ ಫೋನು ಮಾಡಿ ಕುರ್ಚಿಯ ಕಥೆ ಹೇಳಿದಳು. ಈ ಕಾಯಿಲೆ ದಿನಕ್ಕೊಂದು ಥರ, ಅಂಗಾತ ಮಲಗಿದರೆ ಒಂದು, ಮಗ್ಗುಲಾದರೆ ಒಂದು, ನೆಗಡಿಯಾದರೆ ಮತ್ತೊಂದು. ಹಾಸಿಗೆಯಲ್ಲೇ ಮಲಗಿಸಿ ಒಂದು ವಾರ ಅಳೆಯಿರಿ ಎಂದು ಡಾಕ್ಟರು ಹೇಳಿದರು. ಅದಕ್ಕೆ ನಿಮ್ಮ ತಮ್ಮ, "ಪಾಸಾದ್ಮೇಲೆ ಯಾವನಾದ್ರೂ ಪರೀಕ್ಷೆ ಬರೀತಾನಾ?" ಅನ್ನುತ್ತಾರೆ. ಎಸ್ಸೆಸ್ಸೆಲ್ಸಿಯನ್ನು ವರ್ಷವರ್ಷವೂ ಬಿಡದೆ ಬರೆದವರ ಮಾತು ಇದು! ಇದೇ ಮನುಷ್ಯ ಕಾಫಿ ಒಣಗಿತೇ ಎಂದು ನೋಡಲು ದಿನಾ ಕಣದ ಮೂಲೆಮೂಲೆಯಿಂದ ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳುತ್ತಾರೆ. ಒಂದು ಹಿಡಿ ನೋಡಿ ಮೂಟೆ ಕಟ್ಟುವವನನ್ನು ಕತ್ತೆ ಅನ್ನುತ್ತಾರೆ. ತಮ್ಮ ಉಸಿರಿಗೆ ಮಾತ್ರ ಒಂದೇ ಹಿಡಿ ಸಾಕಂತೆ. ಕತ್ತೆ ಯಾರೆಂದು ನಾನು ಬಾಯಿ ಬಿಟ್ಟು ಹೇಳುವುದಿಲ್ಲ, ಎಷ್ಟಾದರೂ ನಿಮ್ಮ ಒಡಹುಟ್ಟಿದವರು.

ಭಾವನವರಿಗೆ ನಮಸ್ಕಾರ ತಿಳಿಸಿ.

ಎರಡೂ ಕಿವಿಗೆ ಹತ್ತಿಯಿಟ್ಟುಕೊಂಡಿರುವ,
ಗುರುಶಾಂತಮ್ಮ

ತಾ.ಕ.: ಅವರ ಚಪ್ಪಲಿ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಮೊನ್ನೆ ವನಗೂರಿನ ಇಳಿಜಾರಿನಲ್ಲಿ ಜೀಪು ಓಡಿಸುತ್ತಲೇ ಕಣ್ಣು ಮುಚ್ಚಿದರು. ಪಕ್ಕದಲ್ಲಿದ್ದ ಶ್ವೇತಾ ಸ್ಟೇರಿಂಗ್ ಎಳೆದದ್ದಕ್ಕೆ ಚಕ್ರ ಚರಂಡಿಗೆ ಇಳಿಯಿತು; ಆಚೆ ಬದಿ ಬರೀ ಕಣಿವೆ. ನಿಮಗೆ ಹೇಳಬಾರದೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದಾರೆ. ಭಾನುವಾರ ನಿಮ್ಮನ್ನು ಕರೆತರಲು ಸಕಲೇಶಪುರ ಸ್ಟೇಷನ್ನಿಗೆ ಅವರೇ ಬರುತ್ತಾರೆ, ಶ್ವೇತಾ ಜೊತೆಗಿರುತ್ತಾಳೆ. ನಾವು ಕೇಳಿದರೆ ಜೀಪಿನ ಕೀಲಿ ಕೊಡುವುದಿಲ್ಲ, ನಿಮಗೆ ಎದುರಾಡುವ ಧೈರ್ಯ ಅವರಿಗಿಲ್ಲ. ಚೀಲ ಹಿಡಿಯಲು ಕೈ ಚಾಚಿದಾಗ ಚೀಲ ಕೊಡಬೇಡಿ, ಕೀಲಿ ಇಸಿದುಕೊಳ್ಳಿ. ಶ್ವೇತಾ ಓಡಿಸುತ್ತಾಳೆ. ಮನೆಗೆ ಬಂದ ಮೇಲೆ, ಅವರು ಒಂದು ವಾರ ಯಂತ್ರ ಕಟ್ಟಿಕೊಂಡು ಹಾಸಿಗೆಯಲ್ಲಿ ಮಲಗುವವರೆಗೆ, ಕೀಲಿ ನಿಮ್ಮ ಎಲೆಅಡಿಕೆ ಚೀಲದಲ್ಲೇ ಇರಲಿ.