ಹಸಿರು ಮುಚ್ಚಳದ್ದು ಕೊಡಬ್ಯಾಡ್ರಿ

ರೀ,

ಅರ್ಧ ಬಟ್ಟೆ ಹಿಂಡಿ ಕಲಘಟಗಿ ಬಸ್ಸಿಗೆ ಓಡುತ್ತಿದ್ದೇನೆ. ಉಳಿದವನ್ನು ಹಿಂಡಿ ಹಗ್ಗಕ್ಕೆ ಹಾಕ್ರಿ. ರೊಟ್ಟಿ ಬುಟ್ಟಿಯಲ್ಲಿವೆ.

ಇವತ್ತು ಗುಜರಿಯವನನ್ನು ಕರೆದಿದ್ದೀರಂತೆ, ಅತ್ತಿಯವರು ಬಾಯಿ ತಪ್ಪಿ ಹೇಳಿದರು. "ಇದು ಮನಿಯೋ, ವಾಷಿಂಗ್ ಮಷಿನ್ ಸುಡಗಾಡೋ?" ಅಂತ ನೀವು ಅಂದಾಗ ನಾನೂ ನಕ್ಕಿದ್ದೆ. ನಾನು ಕೂಡಿಸಿಟ್ಟ ಹಳೇ ಮಷಿನ್‌ಗಳೆಲ್ಲ ಹೋಗಲಿ. ಹಸಿರು ಮುಚ್ಚಳದ್ದೊಂದು ಬಿಡ್ರಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಅದು ತವರುಮನೆ ಕುಬಿಹಾಳದಿಂದ ತಂದ ನಮ್ಮವ್ವನದು. ಮಳೆಗಾಲದಲ್ಲಿ ಓಣಿಯ ಹೆಂಗಸರೆಲ್ಲ ಒದ್ದೆ ಕೌದಿ ಹೊತ್ತು ಬರುತ್ತಿದ್ದರು. ಡ್ರೈಯರ್ ಕುಣಿಯತೊಡಗಿದರೆ ಅವ್ವ ಅದರ ಮುಚ್ಚಳದ ಮೇಲೆ ಕುಂತುಬಿಡುತ್ತಿದ್ದಳು. "ಗಟ್ಟಿ ಕುಂಡ್ರಬೇ ಸಾವಿತ್ರೆವ್ವ, ಇಲ್ಲಾಂದ್ರ ಅದು ಹುಬ್ಬಳ್ಳಿಗಿ ಹೊಕ್ಕೈತಿ!" ಅಂತ ಅವರು ಚೇಷ್ಟೆ ಮಾಡುತ್ತಿದ್ದರು. ಅವಳು ಕೂತು ಕೂತು ಮುಚ್ಚಳ ತಗ್ಗು ಬಿದ್ದಿದೆ. ಉಳಿದದ್ದೆಲ್ಲ ಅಣ್ಣಂದಿರು ಹಂಚಿಕೊಂಡರು. ಅವಳದು ಅಂತ ನನಗಿರುವುದು ಆ ತಗ್ಗೊಂದೇ.

ಹೋದ ಸಲವೂ ನೀವು ಹೂಂ ಅಂದು, ನಾನು ಕೊಡಬ್ಯಾಡ್ರಿ ಅಂದ ಮಷಿನನ್ನೇ ಕೊಟ್ಟುಬಿಟ್ಟಿರಿ. ಅದಕ್ಕೇ ಮಷಿನ್‌ಗಳಿರುವ ಕೊಟ್ಟಿಗೆಯ ಕೀಲಿ ನನ್ನ ಸಂಗಡ ಒಯ್ಯುತ್ತಿದ್ದೇನೆ. ಅವನಿಗೆ ನಾಳೆ ಬಾ ಅನ್ರಿ, ಮಿಕ್ಕವನ್ನು ನಾನೇ ಎದುರಿಗೆ ನಿಂತು ಕೊಡುತ್ತೇನೆ. ಅತ್ತಿಯವರಿಗೆ ಕೀಲಿ ಕಳೆದಿದೆ ಅಂತ ಹೇಳ್ರಿ.

ಬೇಕಾದಷ್ಟು ಸಿಟ್ಟಾಗ್ರಿ. ಬೀಗ ಮಾತ್ರ ಒಡೀಬ್ಯಾಡ್ರಿ.

ಶಾಂಭವಿ